ಓದುಗರ ಪ್ರಶ್ನೆಗಳಿಗೆ ಉತ್ತರ: ಹಳೆಯ ಫೋಟೊದಲ್ಲಿರುವ ಬಾಂಬರ್ ವಿಮಾನ ಯಾವುದು?

ಎರಡನೆಯ ಮಹಾಯುದ್ಧದ ಬಾಂಬರ್ ವಿಮಾನಗಳ ಕುರಿತು ಬಂದಿರುವ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಫೋಟೊದಲ್ಲಿರುವುದು ಯಾವ ಮಾದರಿಯ ವಿಮಾನ ಎಂಬುದನ್ನು ಬಹುತೇಕ ಓದುಗರು ತಾವೇ ಕಂಡುಕೊಂಡಿದ್ದಾರೆ. ಅವರಿಗೆ ಬೇಕಾಗಿರುವುದು ಆ ಮಾದರಿಯ ಸಾವಿರಾರು ವಿಮಾನಗಳ ಪೈಕಿ ಇದು ನಿರ್ದಿಷ್ಟವಾಗಿ ಯಾವುದು ಎಂಬ ಮಾಹಿತಿ.

ಪ್ರಶ್ನೆ: ಲಂಕಾಸ್ಟರ್ ಬಾಂಬರ್ ಒಂದರ ಮುಂದೆ ಏಳು ಮಂದಿ ಸಿಬ್ಬಂದಿ ನಿಂತಿರುವ ಫೋಟೊ ನನ್ನ ಬಳಿ ಇದೆ. ವಿಮಾನದ ಒಡಲಿನ ಮೇಲಿರುವ ವೃತ್ತಾಕಾರದ ಲಾಂಛನದ ಒಂದು ಬದಿಗೆ ಎರಡು ಅಕ್ಷರಗಳೂ ಇನ್ನೊಂದು ಬದಿಗೆ ಒಂದು ಅಕ್ಷರವೂ ಕಾಣುತ್ತವೆ. ಸಂಖ್ಯೆ ಯಾವುದೂ ಕಾಣುವುದಿಲ್ಲ. ಇಷ್ಟರಿಂದಲೇ ವಿಮಾನವನ್ನು ಗುರುತಿಸಬಹುದೇ?

ಉತ್ತರ: ಅಕ್ಷರಗಳಷ್ಟರಿಂದಲೇ ಗುರುತಿಸಲಾಗದು. ಅಕ್ಷರಗಳ ಜೊತೆಗೆ ಒಂದು ದಿನಾಂಕವೋ ಸಿಬ್ಬಂದಿಯಲ್ಲಿ ಒಬ್ಬರ ಹೆಸರೋ ಸಿಕ್ಕಿದರೆ ಬಹುಮಟ್ಟಿಗೆ ಸಾಧ್ಯ. ಬ್ರಿಟಿಷ್ ವಾಯುಪಡೆಯ ಬಾಂಬರ್‌ಗಳಲ್ಲಿ ಒಟ್ಟಿಗೆ ಇರುವ ಎರಡು ಅಕ್ಷರಗಳು ಸ್ಕ್ವಾಡ್ರನ್ನಿನ, ಅಂದರೆ ವಿಮಾನಗಳ ದಳದ, ಗುರುತು. ಬಿಡಿಯಾಗಿರುವ ಅಕ್ಷರ ಆ ಸ್ಕ್ವಾಡ್ರನ್ನಿನೊಳಗೆ ವಿಮಾನಕ್ಕೆ ಸಿಕ್ಕ ಸ್ಥಾನ. ಇವೆರಡೂ ಬದಲಾಗುವಂಥವು. ವಿಮಾನಕ್ಕೆ ಹುಟ್ಟಿನಿಂದ ಕೊನೆಯವರೆಗೆ ಅಂಟಿಕೊಂಡಿದ್ದದ್ದು ಬಾಲದ ಹತ್ತಿರ ಸಣ್ಣದಾಗಿ ಬರೆದ ಕ್ರಮಸಂಖ್ಯೆ ಮಾತ್ರ, ಉದಾಹರಣೆಗೆ ಆರ್ 5868 ಅಥವಾ ಇಡಿ 888. ಬಸ್ಸಿನ ಹಣೆಯ ಮೇಲಿನ ಮಾರ್ಗದ ಬೋರ್ಡಿಗೂ ಅದರ ನೋಂದಣಿ ಸಂಖ್ಯೆಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಲಂಡನ್ನಿನ ಹೆಂಡನ್‌ನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನಿಂತಿರುವ ಆರ್ 5868 ವಿಮಾನವನ್ನೇ ನೋಡಿ. ಅದು ಮೊದಲು 83ನೆಯ ಸ್ಕ್ವಾಡ್ರನ್ನಿನಲ್ಲಿ 'ಓಎಲ್-ಕ್ಯೂ' ಆಗಿತ್ತು. ಆಸ್ಟ್ರೇಲಿಯಾದ 467ನೆಯ ಸ್ಕ್ವಾಡ್ರನ್ನಿಗೆ ಹೋದ ಮೇಲೆ 'ಪಿಓ-ಎಸ್' ಆಯಿತು. ಎರಡು ಕಾಲದ ಎರಡು ಫೋಟೊಗಳನ್ನು ಅಕ್ಷರ ನೋಡಿಯೇ ವಿಂಗಡಿಸುವವರು ಅವುಗಳನ್ನು ಎರಡು ಬೇರೆ ವಿಮಾನಗಳೆಂದು ಬರೆದಿಡುತ್ತಾರೆ. 140 ಕಾರ್ಯಾಚರಣೆಗಳನ್ನು ಮುಗಿಸಿ ಲಂಕಾಸ್ಟರ್‌ಗಳಲ್ಲೆಲ್ಲ ಅತಿ ಹೆಚ್ಚು ಹಾರಾಟದ ದಾಖಲೆ ಹೊಂದಿರುವ ಇಡಿ 888 ಕೂಡ 103ನೆಯ ಸ್ಕ್ವಾಡ್ರನ್ನಿನಿಂದ 576ಕ್ಕೆ ಹೋಗಿ ಮತ್ತೆ 103ಕ್ಕೇ ಮರಳಿತು. ಪ್ರತಿ ಬಾರಿಯೂ ಅದರ ಮೈಮೇಲಿನ ಅಕ್ಷರಗಳು ಬದಲಾದವು. ಸ್ಕ್ವಾಡ್ರನ್ನಿನ ಗುರುತೂ ಒಂದೇ ಆಗಿರಬೇಕೆಂದಿಲ್ಲ: ಅಣೆಕಟ್ಟುಗಳ ಮೇಲಿನ ದಾಳಿಗೆ ಹೆಸರಾದ 617ನೆಯ ಸ್ಕ್ವಾಡ್ರನ್ 1943ರ ಮೇ ತಿಂಗಳಿನಲ್ಲಿ 'ಎಜೆ' ಅಕ್ಷರಗಳನ್ನು ಬಳಸಿದರೆ, ಮುಂದೆ 'ಕೆಸಿ' ಮತ್ತು 'ವೈಝಡ್' ಅಕ್ಷರಗಳನ್ನೂ ಬಳಸಿತು.

ಇದಕ್ಕಿಂತ ಹೆಚ್ಚು ತೊಡಕಿನ ಸಂಗತಿ ಇದರ ತಿರುವುಮುರುವು. ಒಂದು ವಿಮಾನ ದಾಳಿಗೆ ಹೋಗಿ ಮರಳದಿದ್ದರೆ ಅದರ ಜಾಗಕ್ಕೆ ಬಂದ ಹೊಸ ವಿಮಾನಕ್ಕೆ ಹಳೆಯದರ ಅಕ್ಷರವನ್ನೇ ಕೊಡುತ್ತಿದ್ದರು. ಒಟ್ಟು ತಯಾರಾದ 7,377 ಲಂಕಾಸ್ಟರ್‌ಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಾರ್ಯಾಚರಣೆಗಳಲ್ಲಿಯೇ ನಾಶವಾದವೆಂಬುದನ್ನು ನೆನೆದರೆ, ಒಂದೇ ಸ್ಕ್ವಾಡ್ರನ್ನಿನಲ್ಲಿ ಒಂದೇ ಅಕ್ಷರವನ್ನು ಒಂದಾದ ಮೇಲೊಂದರಂತೆ ಹಲವು ವಿಮಾನಗಳು ಹೊತ್ತಿದ್ದುದು ಆಶ್ಚರ್ಯವಲ್ಲ. ಅಕ್ಷರಗಳು ಸಾಲದೆ ಹೋದಾಗ ಅಕ್ಷರದ ಮೇಲ್ಬದಿಯಲ್ಲಿ ಸಣ್ಣದಾಗಿ 2 ಎಂದು ಬರೆಯುವುದೋ ಒಂದು ಗೆರೆ ಎಳೆಯುವುದೋ ರೂಢಿಯಲ್ಲಿತ್ತು. ಈ ಚಿಕ್ಕ ಗುರುತು ಸಿಬ್ಬಂದಿಯ ತಲೆಯ ಹಿಂದೆ ಮರೆಯಾಗಿದ್ದರೆ ಇಡೀ ಹುಡುಕಾಟ ದಾರಿ ತಪ್ಪುತ್ತದೆ.

ಆದ್ದರಿಂದ ಮೊದಲು ಫೋಟೊದ ಕಾಲವನ್ನು ಕಿರಿದಾಗಿಸಿಕೊಳ್ಳಿ. ಲಾಂಛನದ ಹೊರಗಿನ ಹಳದಿ ಉಂಗುರ ದಪ್ಪವಾಗಿದೆಯೇ, ತೆಳುವಾಗಿದೆಯೇ ನೋಡಿ. 1942ರ ನಡುಭಾಗದಲ್ಲಿ ಬಿಳಿ ಮತ್ತು ಹಳದಿ ಪಟ್ಟಿಗಳನ್ನು ಕಿರಿದು ಮಾಡಲಾಯಿತು. ಲಂಕಾಸ್ಟರ್ ಯುದ್ಧಕ್ಕೆ ಇಳಿದದ್ದೇ 1942ರ ಮಾರ್ಚಿನಲ್ಲಿ. ಹೀಗಾಗಿ ದಪ್ಪ ಉಂಗುರವಿರುವ ಲಂಕಾಸ್ಟರ್ ಕೆಲವೇ ತಿಂಗಳುಗಳ ಅವಧಿಯದು. ಒಡಲಿನ ಉದ್ದಕ್ಕೂ ಸಣ್ಣ ಸಣ್ಣ ಆಯತಾಕಾರದ ಕಿಟಕಿಗಳ ಸಾಲು ಇದ್ದರೆ ಅದು ಮೊದಮೊದಲು ತಯಾರಾದ ವಿಮಾನ. ಮುಂದೆ ಆ ಕಿಟಕಿಗಳನ್ನು ಕೈಬಿಡಲಾಯಿತು. ಹಿಂಭಾಗದ ಹೊಟ್ಟೆಯ ಕೆಳಗೆ ಉಬ್ಬಿದ ಗುಮ್ಮಟವೊಂದು ಕಂಡರೆ ಅದು ಎಚ್‌2ಎಸ್ ರೇಡಾರಿನ ಹೊದಿಕೆ. ಆ ರೇಡಾರು ದಾಳಿಯಲ್ಲಿ ಮೊದಲು ಬಳಕೆಯಾದದ್ದು 1943ರ ಜನವರಿಯ ಕೊನೆಯಲ್ಲಿ. ನೀರು ತಂಪುಕಾರಕವಾಗಿರುವ ಮರ್ಲಿನ್ ಎಂಜಿನ್‌ಗಳ ಬದಲು ದುಂಡು ಮುಖದ ಹರ್ಕ್ಯುಲಿಸ್ ಎಂಜಿನ್‌ಗಳಿದ್ದರಂತೂ ನಿಮ್ಮ ಕೆಲಸ ಬಹಳ ಸುಲಭವಾಯಿತೆಂದೇ ಲೆಕ್ಕ, ಏಕೆಂದರೆ ಅಂಥ ಎರಡನೆಯ ಮಾದರಿಯ ಲಂಕಾಸ್ಟರ್‌ಗಳು ತಯಾರಾದದ್ದು 300 ಮಾತ್ರ.

ಕಾಲ ಕಿರಿದಾದ ಮೇಲೆ ದಾಖಲೆಯ ಸರದಿ. ಪ್ರತಿ ಸ್ಕ್ವಾಡ್ರನ್ ಕಾರ್ಯಾಚರಣೆಯ ದಾಖಲೆಪುಸ್ತಕವೊಂದನ್ನು ಇಡುತ್ತಿತ್ತು. ಅದರಲ್ಲಿ 540ನೆಯ ನಮೂನೆ ದಿನದ ಸಾರಾಂಶವಾದರೆ, 541ನೆಯ ನಮೂನೆಯಲ್ಲಿ ಪ್ರತಿ ಹಾರಾಟದ ದಿನಾಂಕ, ವಿಮಾನದ ಕ್ರಮಸಂಖ್ಯೆ, ಸಿಬ್ಬಂದಿಯ ಹೆಸರುಗಳು, ಹೊರಟ ಮತ್ತು ಮರಳಿದ ವೇಳೆ ಸಾಲಾಗಿ ಇರುತ್ತವೆ. ಬ್ರಿಟನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಈ ಪುಸ್ತಕಗಳು 'ಏರ್ 27' ಎಂಬ ಶ್ರೇಣಿಯಲ್ಲಿವೆ. ಫೋಟೊದಲ್ಲಿರುವ ಏಳು ಮಂದಿಯಲ್ಲಿ ಚಾಲಕನೊಬ್ಬನ ಹೆಸರು ಗೊತ್ತಿದ್ದರೂ ಸಾಕು. ಆತ ಹಾರಿಸಿದ ವಿಮಾನಗಳ ಪಟ್ಟಿ ಮಾಡಿ, ಅವುಗಳಲ್ಲಿ ನಿಮ್ಮ ಅಕ್ಷರವನ್ನು ಹೊತ್ತವು ಯಾವುವು, ನಿಮ್ಮ ಫೋಟೊದ ಅವಧಿಯಲ್ಲಿ ಸ್ಕ್ವಾಡ್ರನ್ನಿನಲ್ಲಿ ಇದ್ದವು ಯಾವುವು ಎಂದು ಒಂದೊಂದಾಗಿ ಹೊಡೆದುಹಾಕುತ್ತ ಬಂದರೆ ಕೊನೆಗೆ ಒಂದೋ ಎರಡೋ ಉಳಿಯುತ್ತವೆ. ವಿಮಾನ ಯಾವ ದಿನ ಯಾವ ಸ್ಕ್ವಾಡ್ರನ್ನಿಗೆ ಬಂತು, ಯಾವ ದಿನ ಹೋಯಿತು ಎಂಬುದಕ್ಕೆ 78ನೆಯ ನಮೂನೆಯ ಚಲನವಲನ ಕಾರ್ಡುಗಳಿವೆ. ಆ ಕಾರ್ಡಿನ ದಿನಾಂಕ ಕಚೇರಿಯಲ್ಲಿ ಬರೆದುಕೊಂಡ ದಿನಾಂಕ. ವಿಮಾನ ನಿಜವಾಗಿ ಹಾರಿ ಬಂದು ಇಳಿದ ದಿನಕ್ಕೂ ಅದಕ್ಕೂ ನಾಲ್ಕಾರು ದಿನಗಳ ಅಂತರವಿದ್ದರೆ ಗಾಬರಿಯಾಗಬೇಕಿಲ್ಲ.

ಪ್ರಶ್ನೆ: ವಿಮಾನದ ಮೂತಿಯ ಮೇಲೆ ಸಾಲುಸಾಲಾಗಿ ಬಿಡಿಸಿರುವ ಬಾಂಬಿನ ಚಿತ್ರಗಳನ್ನು ಎಣಿಸಿದರೆ ಪ್ರಯೋಜನವುಂಟೇ?

ಉತ್ತರ: ಖಂಡಿತ ಉಂಟು, ಎಣಿಕೆ ಸ್ಪಷ್ಟವಾಗಿದ್ದರೆ. ಒಂದು ಚಿತ್ರವೆಂದರೆ ಸಾಮಾನ್ಯವಾಗಿ ಮುಗಿಸಿದ ಒಂದು ದಾಳಿ. ಫೋಟೊದಲ್ಲಿ 31 ಬಾಂಬುಗಳಿದ್ದರೆ, ನೀವು ಶಂಕಿಸಿರುವ ವಿಮಾನದ 31ನೆಯ ಹಾರಾಟಕ್ಕೂ 32ನೆಯದಕ್ಕೂ ನಡುವಿನ ದಿನಗಳಲ್ಲಿ ಫೋಟೊ ತೆಗೆದಿರಬೇಕು. ಆ ವಿಮಾನ 20ನೆಯ ಹಾರಾಟದಲ್ಲಿಯೇ ಕಾಣೆಯಾಗಿದ್ದರೆ ಅದನ್ನು ಪಟ್ಟಿಯಿಂದ ತೆಗೆದುಹಾಕಬಹುದು. ಇಟಲಿಯ ಮೇಲಿನ ದಾಳಿಗಳಿಗೆ ಬಾಂಬಿನ ಬದಲು ಐಸ್‌ಕ್ರೀಮ್ ಕೋನ್ ಬಿಡಿಸಿದ ಬ್ರಿಟಿಷ್ ವಿಮಾನಗಳೂ ಇವೆ; ಅಂಥವನ್ನು ಎಣಿಕೆಗೆ ಸೇರಿಸಲು ಮರೆಯಬೇಡಿ. ಬಣ್ಣ ಬಳಿಯುತ್ತಿದ್ದವರು ನೆಲದ ಸಿಬ್ಬಂದಿ; ಅವರು ಕೆಲವೊಮ್ಮೆ ವಾರಗಟ್ಟಲೆ ಹಿಂದೆ ಬಿದ್ದು ಒಂದೇ ಸಲಕ್ಕೆ ಹಲವನ್ನು ಸೇರಿಸುತ್ತಿದ್ದುದರಿಂದ ಎಣಿಕೆಯನ್ನು ಒಂದೆರಡರ ಸಡಿಲದೊಂದಿಗೆ ನೋಡಬೇಕು.

ಪ್ರಶ್ನೆ: ಅಮೆರಿಕದ ಬಿ-17 ವಿಮಾನದ ಬಾಲದ ಮೇಲೆ 124485 ಎಂದಿದೆ. ಇದನ್ನು ಓದುವುದು ಹೇಗೆ?

ಉತ್ತರ: ನೀವು ಕಳಿಸಿರುವುದು ಬಹಳ ಪ್ರಸಿದ್ಧವಾದ ವಿಮಾನದ ಸಂಖ್ಯೆ. ಅಮೆರಿಕದ ಸೇನಾ ವಿಮಾನಗಳ ಕ್ರಮಸಂಖ್ಯೆಯ ಮೊದಲ ಭಾಗ ಅದನ್ನು ಖರೀದಿಸಲು ಆದೇಶವಾದ ಹಣಕಾಸು ವರ್ಷ. ಬಾಲದ ಮೇಲೆ ಬರೆಯುವಾಗ ದಶಕವನ್ನು ಸೂಚಿಸುವ 4 ಎಂಬ ಅಂಕಿಯನ್ನು ಬಿಟ್ಟುಬಿಡುತ್ತಿದ್ದರು. ಹೀಗೆ 124485 ಎಂದರೆ 41-24485, ಅಂದರೆ 91ನೆಯ ಬಾಂಬಿಂಗ್ ಗುಂಪಿನ 'ಮೆಂಫಿಸ್ ಬೆಲ್'. ಅದೀಗ ಓಹಿಯೋ ರಾಜ್ಯದ ಡೇಟನ್ನಿನಲ್ಲಿರುವ ಅಮೆರಿಕದ ವಾಯುಪಡೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. 41 ಎಂಬುದು ಆದೇಶದ ವರ್ಷವೇ ಹೊರತು ವಿಮಾನ ಕಾರ್ಖಾನೆಯಿಂದ ಹೊರಬಂದ ವರ್ಷವಲ್ಲ; ಈ ಎರಡನ್ನೂ ಬೆರೆಸಿ ಬರೆದ ಶೀರ್ಷಿಕೆಗಳು ಬೇಕಾದಷ್ಟಿವೆ.

ಬಾಲದ ಸಂಖ್ಯೆ ಪೂರ್ತಿ ಕಾಣದೆ ಕೊನೆಯ ಮೂರು ಅಂಕಿಗಳಷ್ಟೇ ಕಂಡರೂ ನಿರಾಶರಾಗಬೇಡಿ, ಬಾಲದ ಮೇಲಿನ ಗುಂಪಿನ ಚಿಹ್ನೆಯನ್ನು ಜೊತೆಗಿಟ್ಟು ನೋಡಿ. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಎಂಟನೆಯ ವಾಯುಪಡೆಯಲ್ಲಿ ಮೊದಲನೆಯ ವಿಭಾಗಕ್ಕೆ ತ್ರಿಕೋನ, ಎರಡನೆಯದಕ್ಕೆ ವೃತ್ತ, ಮೂರನೆಯದಕ್ಕೆ ಚೌಕವಿತ್ತು. ಅದರೊಳಗಿನ ಅಕ್ಷರ ಗುಂಪನ್ನು ಹೇಳುತ್ತದೆ. ತ್ರಿಕೋನದೊಳಗೆ 'ಎ' ಇದ್ದರೆ ಅದು 91ನೆಯ ಗುಂಪು. ಆ ಗುಂಪಿನಲ್ಲಿ 909ರಿಂದ ಕೊನೆಗೊಳ್ಳುವ ವಿಮಾನವೆಂದರೆ 42-31909. ಅದರ ಸಿಬ್ಬಂದಿ ಅದಕ್ಕೆ 'ನೈನ್-ಓ-ನೈನ್' ಎಂದೇ ಹೆಸರಿಟ್ಟಿದ್ದರು.

ಕಾಲ ನಿರ್ಣಯಕ್ಕೆ ಅಮೆರಿಕದ ವಿಮಾನಗಳಷ್ಟು ಅನುಕೂಲವಾದವು ಬೇರೆ ಇಲ್ಲ. ನಕ್ಷತ್ರದ ನಡುವೆ ಕೆಂಪು ಚುಕ್ಕೆ ಇದ್ದರೆ ಅದು 1942ರ ಮೇ ತಿಂಗಳಿಗಿಂತ ಹಿಂದಿನ ಬಣ್ಣಗಾರಿಕೆ. ಜಪಾನಿನ ಗುರುತಿನೊಂದಿಗೆ ಗೊಂದಲವಾಗದಿರಲೆಂದು ಆ ಚುಕ್ಕೆಯನ್ನು ತೆಗೆದರು. ನಕ್ಷತ್ರದ ಎರಡು ಪಕ್ಕಗಳಲ್ಲಿ ಬಿಳಿ ಪಟ್ಟಿಗಳೂ ಸುತ್ತ ಕೆಂಪು ಅಂಚೂ ಬಂದದ್ದು 1943ರ ಜೂನ್ ಕೊನೆಯಲ್ಲಿ. ಕೆಲವೇ ವಾರಗಳಲ್ಲಿ ಆ ಕೆಂಪು ಅಂಚನ್ನು ನೀಲಿಗೆ ಬದಲಾಯಿಸಲು ಆದೇಶವಾಯಿತು. ಹಸಿರು ಬಣ್ಣವಿಲ್ಲದೆ ಬರಿಯ ಲೋಹ ಹೊಳೆಯುವ ಬಿ-17 ಕಂಡರೆ ಅದು 1944 ಅಥವಾ ಆಮೇಲಿನದು. ಕಾಣೆಯಾದ ವಿಮಾನಗಳಿಗಾಗಿ 1943ರ ಮಧ್ಯದಿಂದ ಸಿದ್ಧವಾದ 'ಕಾಣೆಯಾದ ಸಿಬ್ಬಂದಿ ವರದಿ'ಗಳು ಈ ಹುಡುಕಾಟದ ದೊಡ್ಡ ನಿಧಿ. ಅವುಗಳಲ್ಲಿ ವಿಮಾನದ ಕ್ರಮಸಂಖ್ಯೆ, ಅಡ್ಡಹೆಸರು, ಸಿಬ್ಬಂದಿಯ ಹೆಸರುಗಳಷ್ಟೇ ಅಲ್ಲದೆ ನಾಲ್ಕು ಎಂಜಿನ್‌ಗಳ ಮತ್ತು ಮಷಿನ್ ಗನ್‌ಗಳ ಸಂಖ್ಯೆಗಳೂ ಇರುತ್ತವೆ. ಅಡ್ಡಹೆಸರನ್ನು ಮಾತ್ರ ನೆಚ್ಚಬೇಡಿ. ಒಂದೇ ಹೆಸರನ್ನು ಬೇರೆ ಬೇರೆ ಗುಂಪುಗಳ ವಿಮಾನಗಳು ಹೊತ್ತಿದ್ದವು.

ಪ್ರಶ್ನೆ: ಸ್ಕ್ವಾಡ್ರನ್ನಿನ ಅಕ್ಷರಗಳು ಕೆಂಪಾಗಿದ್ದವೆಂದು ಪುಸ್ತಕಗಳು ಹೇಳುತ್ತವೆ. ನನ್ನ ಕಪ್ಪು ಬಿಳುಪು ಫೋಟೊದಲ್ಲಿ ಅಕ್ಷರಗಳೇ ಕಾಣುವುದಿಲ್ಲ. ಅಳಿಸಿಹಾಕಿದ್ದಾರೆಯೇ?

ಉತ್ತರ: ಅಳಿಸಿರಬೇಕಾಗಿಲ್ಲ. ಆ ಕಾಲದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬೆಳಕು ತಟ್ಟುತ್ತಲೇ ಇರಲಿಲ್ಲ. ರಾತ್ರಿ ಬಾಂಬರ್‌ಗಳ ಕಪ್ಪು ಮೈಮೇಲೆ ಬರೆದ ಮಂಕು ಕೆಂಪು ಅಕ್ಷರಗಳು ಅಂಥ ಫಿಲ್ಮಿನಲ್ಲಿ ಕಪ್ಪಿನೊಳಗೆ ಕಪ್ಪಾಗಿ ಕರಗಿಹೋಗುತ್ತವೆ. ಲಾಂಛನದ ಹಳದಿ ಉಂಗುರವೂ ಅದರಲ್ಲಿ ಗಾಢ ಬೂದುಬಣ್ಣಕ್ಕೆ ತಿರುಗಿ ಇಲ್ಲವೆಂಬಂತೆ ತೋರುತ್ತದೆ. ಎಲ್ಲ ಬಣ್ಣಗಳ ಬೆಳಕೂ ತಟ್ಟುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಈ ತೊಂದರೆ ಇಲ್ಲ. ಮೂಲ ಪ್ರತಿಯನ್ನು ಹೆಚ್ಚಿನ ಸೂಕ್ಷ್ಮತೆಯಲ್ಲಿ ಸ್ಕ್ಯಾನ್ ಮಾಡಿಸಿ ನೆರಳಿನ ಭಾಗವನ್ನಷ್ಟೇ ತಿಳಿಗೊಳಿಸಿ ನೋಡಿ. ಬಣ್ಣದ ದಪ್ಪದಿಂದಾದ ಅಂಚು ಅಥವಾ ಹೊಳಪಿನ ವ್ಯತ್ಯಾಸದಿಂದ ಅಕ್ಷರದ ಆಕಾರ ಹೊರಬರುವುದುಂಟು. ಬದಲಾಗಿ ಆ ಜಾಗದಲ್ಲಿ ಗೀಚಿದ ಗುರುತು ಅಥವಾ ಅಸಹಜವಾದ ನುಣುಪು ಕಂಡರೆ ಅದು ಯುದ್ಧಕಾಲದ ಸೆನ್ಸಾರ್ ಅಧಿಕಾರಿಯ ಕೈಕೆಲಸ. ಅವರು ಸಂಖ್ಯೆಗಳನ್ನೂ ರೇಡಾರಿನ ಭಾಗಗಳನ್ನೂ ಹೀಗೆ ತೆಗೆಸುತ್ತಿದ್ದರು.

ನೆಗೆಟಿವ್ ತಿರುವುಮುರುವಾಗಿ ಮುದ್ರಣವಾಗಿದೆಯೇ ಎಂಬುದನ್ನೂ ನೋಡಿಕೊಳ್ಳಿ. 'ಎ', 'ಎಚ್', 'ಓ' ಮುಂತಾದ ಇಂಗ್ಲಿಷ್ ಅಕ್ಷರಗಳು ಕನ್ನಡಿಯಲ್ಲಿಯೂ ಹಾಗೆಯೇ ಕಾಣುವುದರಿಂದ ಮೋಸ ಹೋಗುವುದು ಸುಲಭ. ಲಂಕಾಸ್ಟರಿನ ಸಿಬ್ಬಂದಿ ಹತ್ತುವ ಬಾಗಿಲು ಬಾಲದ ಹತ್ತಿರ, ವಿಮಾನದ ಬಲಗಡೆಯಲ್ಲಿದೆ. ಎಡಗಡೆಯಲ್ಲಿ ಬಾಗಿಲು ಕಂಡರೆ ಫೋಟೊ ತಿರುವುಮುರುವಾಗಿದೆ.

ಪ್ರಶ್ನೆ: ಫೋಟೊ ಒಂದು ಹೇಳಿ ದಾಖಲೆ ಇನ್ನೊಂದು ಹೇಳಿದರೆ ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ಬರೆದವರು, ತೆಗೆದವರು ಯಾರು, ಯಾವಾಗ ಎಂದು ಕೇಳಿದ ಮೇಲೆಯೇ ಇದಕ್ಕೆ ಉತ್ತರ. ದಾಖಲೆಪುಸ್ತಕವನ್ನು ಬೆರಳಚ್ಚು ಮಾಡಿದ ಗುಮಾಸ್ತರು ಅಂಕಿಗಳನ್ನು ಅದಲುಬದಲು ಮಾಡಿದ್ದಾರೆ. ಅಲ್ಲಿರುವ ಕ್ರಮಸಂಖ್ಯೆಯ ವಿಮಾನ ಆ ಮಾದರಿಯದೇ ಅಲ್ಲ ಎಂದಾದರೆ ಅಂಕಿ ತಪ್ಪಾಗಿದೆ ಎಂದು ಕೂಡಲೇ ತಿಳಿಯುತ್ತದೆ. ಚಾಲಕರ ಲಾಗ್‌ಬುಕ್ಕುಗಳಲ್ಲಿ ಅನೇಕ ಸಲ ಅಕ್ಷರವೊಂದೇ ಇರುತ್ತದೆ. ಫೋಟೊ ಸುಳ್ಳು ಹೇಳದಿದ್ದರೂ ಅದರ ಹಿಂಬದಿಯ ಬರಹ ಹೇಳಬಲ್ಲದು, ಏಕೆಂದರೆ ಅದನ್ನು ಬಹಳ ವರ್ಷಗಳ ನಂತರ ಬರೆದಿರುವ ಸಾಧ್ಯತೆ ಹೆಚ್ಚು.

ಇದಕ್ಕೆ ಒಂದು ದೊಡ್ಡ ನಿದರ್ಶನವಿದೆ. 1945ರ ಆಗಸ್ಟ್ 9ರಂದು ನಾಗಾಸಾಕಿಯ ಮೇಲೆ ಪರಮಾಣು ಬಾಂಬ್ ಹಾಕಿದ ಬಿ-29 ವಿಮಾನ 'ದಿ ಗ್ರೇಟ್ ಆರ್ಟಿಸ್ಟ್' ಎಂದು ಆಗ ವರದಿಯಾಯಿತು. ಆ ದಿನದ ಚಾಲಕ ಚಾರ್ಲ್ಸ್ ಸ್ವೀನಿಯ ವಿಮಾನ ಅದೇ ಆಗಿದ್ದದ್ದು ನಿಜ. ಆದರೆ ಹಿರೋಶಿಮಾ ದಾಳಿಗೆಂದು ಅದರಲ್ಲಿ ಅಳವಡಿಸಿದ್ದ ಅಳತೆ ಉಪಕರಣಗಳನ್ನು ಕಳಚುವ ಬದಲು ಸಿಬ್ಬಂದಿಗಳೇ ವಿಮಾನಗಳನ್ನು ಅದಲುಬದಲು ಮಾಡಿಕೊಂಡಿದ್ದರು. ಬಾಂಬನ್ನು ಹೊತ್ತೊಯ್ದದ್ದು ಫ್ರೆಡರಿಕ್ ಬಾಕ್ ಅವರ 'ಬಾಕ್ಸ್‌ಕಾರ್', ಕ್ರಮಸಂಖ್ಯೆ 44-27297. ಅದರ ಮೂತಿಯ ಮೇಲಿನ ಹೆಸರು ಮತ್ತು ಚಿತ್ರವನ್ನು ದಾಳಿಯ ನಂತರವೇ ಬಿಡಿಸಿದ್ದರಿಂದ, ಅಂದು ಹೆಸರು ನೋಡಿ ಗುರುತಿಸುವ ಅವಕಾಶವೇ ಇರಲಿಲ್ಲ. ಬಾಲದ ಮೇಲೆಯೂ ಶತ್ರುವನ್ನು ಗೊಂದಲಗೊಳಿಸಲು ಬೇರೆ ಗುಂಪುಗಳ ಚಿಹ್ನೆಗಳನ್ನು ಹಾಕಿದ್ದರು. ಒಡಲಿನ ಮೇಲಿದ್ದ 77 ಮತ್ತು 89 ಎಂಬ ಸಂಖ್ಯೆಗಳು ಎರಡು ವಿಮಾನಗಳನ್ನು ಬೇರ್ಪಡಿಸುತ್ತವೆ, 77 ಬಾಕ್ಸ್‌ಕಾರಿನದು. ಮೂತಿಯ ಮೇಲೆ ಚಿತ್ರವಿರುವ ಬಾಕ್ಸ್‌ಕಾರ್ ಫೋಟೊಕ್ಕೆ 'ಆಗಸ್ಟ್ 9ರ ಬೆಳಿಗ್ಗೆ' ಎಂಬ ಶೀರ್ಷಿಕೆ ಕಂಡರೆ ಆ ಶೀರ್ಷಿಕೆ ತಪ್ಪು ಎಂದು ಧೈರ್ಯವಾಗಿ ಹೇಳಬಹುದು.

ಪ್ರಶ್ನೆ: ಇಂದು ಹಾರುತ್ತಿರುವ ಹಳೆಯ ಬಾಂಬರ್‌ಗಳ ಮೇಲಿನ ಗುರುತುಗಳನ್ನು ನಂಬಬಹುದೇ?

ಉತ್ತರ: ಬೇಡ. ಅವು ಬಹುಮಟ್ಟಿಗೆ ಬೇರೊಂದು ವಿಮಾನದ ನೆನಪಿಗೆಂದು ಬಳಿದ ಬಣ್ಣ. ಕೆನಡಾದಲ್ಲಿ ಹಾರುವ ಲಂಕಾಸ್ಟರ್ ಎಫ್‌ಎಂ 213. ಅದರ ಮೈಮೇಲೆ ಕೆಬಿ 726ರ 'ವಿಆರ್-ಎ' ಗುರುತಿದೆ. 2019ರ ಅಕ್ಟೋಬರ್ 2ರಂದು ಅಮೆರಿಕದ ಕನೆಕ್ಟಿಕಟ್‌ನಲ್ಲಿ ಅಪಘಾತಕ್ಕೀಡಾದ 'ನೈನ್-ಓ-ನೈನ್' ಕೂಡ ಮೇಲೆ ಹೇಳಿದ 42-31909 ಅಲ್ಲ, 44-83575. ಬಣ್ಣದ ಫೋಟೊ ಚೆನ್ನಾಗಿದೆಯೆಂದು ಯುದ್ಧಕಾಲದ ಬಣ್ಣಗಾರಿಕೆಗೆ ಇವುಗಳನ್ನು ಆಧಾರ ಮಾಡಿಕೊಳ್ಳುವುದು ಅಪಾಯ.

ಪ್ರಶ್ನೆ: ಭಾರತೀಯ ವಾಯುಪಡೆಯ ಲಿಬರೇಟರ್ ಬಾಂಬರ್‌ಗಳ ಹಿಂದಿನ ಗುರುತನ್ನು ಪತ್ತೆ ಮಾಡಬಹುದೇ?

ಉತ್ತರ: ಕೆಲವುದನ್ನು ನಿಸ್ಸಂದೇಹವಾಗಿ ಪತ್ತೆ ಮಾಡಲಾಗಿದೆ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್‌ಗಳನ್ನು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ದುರಸ್ತಿ ಮಾಡಿ ಹಾರುವಂತೆ ಮಾಡಿತು. ಅವುಗಳಿಗೆ 'ಎಚ್‌ಇ' ಎಂದು ಆರಂಭವಾಗುವ ಸಂಖ್ಯೆಗಳು ಬಂದವು. ಈಗ ಬ್ರಿಟಿಷ್ ವಾಯುಪಡೆಯ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿರುವ ವಿಮಾನ ಭಾರತದಲ್ಲಿ ಎಚ್‌ಇ 807, ಅದಕ್ಕೂ ಮೊದಲು ಬ್ರಿಟಿಷ್ ವಾಯುಪಡೆಯಲ್ಲಿ ಕೆಎನ್ 751, ಅಮೆರಿಕದ ಸೇನಾ ಕ್ರಮಸಂಖ್ಯೆಯಲ್ಲಿ 44-50206. ಹೀಗೆ ಒಂದೇ ವಿಮಾನಕ್ಕೆ ಮೂರು ವಾಯುಪಡೆಗಳ ಸಂಖ್ಯೆಗಳಿರುವಾಗ ಯಾವ ಕಾಲದ ಫೋಟೊಕ್ಕೆ ಯಾವ ಸಂಖ್ಯೆ ಎಂಬುದನ್ನು ಶೀರ್ಷಿಕೆಯಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಪ್ರಶ್ನೆ: ಫೋಟೊ ಇಲ್ಲದೆ ಅವಶೇಷಗಳಷ್ಟೇ ಸಿಕ್ಕಿದರೆ?

ಉತ್ತರ: ಲೋಹದ ಬಿಡಿಭಾಗಗಳ ಮೇಲಿನ ಸಂಖ್ಯೆ ಸಾಮಾನ್ಯವಾಗಿ ಮಾದರಿಯನ್ನು ಮಾತ್ರ ಹೇಳುತ್ತದೆ. ನಿರ್ದಿಷ್ಟ ವಿಮಾನವನ್ನು ಹೇಳುವುದು ಎಂಜಿನ್ ಸಂಖ್ಯೆ, ತಯಾರಕರ ಫಲಕ, ಗನ್ನಿನ ಸಂಖ್ಯೆ. ಲಿಬಿಯಾದ ಮರುಭೂಮಿಯಲ್ಲಿ 1958ರಲ್ಲಿ ತೈಲ ಶೋಧಕರ ಕಣ್ಣಿಗೆ ಬಿದ್ದ 'ಲೇಡಿ ಬಿ ಗುಡ್' ಎಂಬ ಬಿ-24 ವಿಮಾನದ ಸಂಖ್ಯೆ 41-24301 ಎಂದು ಗೊತ್ತಾದಾಗ, 1943ರ ಏಪ್ರಿಲ್ 4ರಂದು ನೇಪಲ್ಸ್ ದಾಳಿಗೆ ಹೋಗಿ ಮರಳದೆ, ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿರಬೇಕೆಂದು ಎಲ್ಲರೂ ನಂಬಿದ್ದ ವಿಮಾನವೇ ಅದು ಎಂದು ತಿಳಿಯಿತು. ಜರ್ಮನ್ ವಿಮಾನಗಳಲ್ಲಾದರೆ ಕಾರ್ಖಾನೆಯ ಸಂಖ್ಯೆಯ ಜೊತೆಗೆ ಒಡಲಿನ ಮೇಲಿನ ನಾಲ್ಕು ಚಿಹ್ನೆಗಳನ್ನು ನೋಡಬೇಕು: ಶಿಲುಬೆಯ ಎಡಕ್ಕಿರುವ ಎರಡು ಚಿಹ್ನೆಗಳು ದೊಡ್ಡ ಪಡೆಯವು, ಮೂರನೆಯದು ಆ ವಿಮಾನದ್ದು, ನಾಲ್ಕನೆಯದು ಉಪಪಡೆಯದು. 2013ರಲ್ಲಿ ಇಂಗ್ಲಿಷ್ ಕಾಲುವೆಯ ಗುಡ್ವಿನ್ ಮರಳುದಿಬ್ಬದಿಂದ ಮೇಲೆತ್ತಿದ ಡೋರ್ನಿಯರ್ 17 ವಿಮಾನವನ್ನು '5ಕೆ+ಎಆರ್' ಎಂದು ಗುರುತಿಸಲಾಗಿದೆ. ಕೊನೆಯ 'ಆರ್' ಎಂದರೆ ಏಳನೆಯ ಉಪಪಡೆ.

ಪ್ರಶ್ನೆ: ಎಷ್ಟು ಹುಡುಕಿದರೂ ಎರಡು ವಿಮಾನಗಳ ನಡುವೆ ತೀರ್ಮಾನವಾಗದಿದ್ದರೆ ಶೀರ್ಷಿಕೆ ಹೇಗೆ ಬರೆಯಬೇಕು?

ಉತ್ತರ: ಎರಡೂ ಕ್ರಮಸಂಖ್ಯೆಗಳನ್ನು ಬರೆಯಿರಿ, ಅವುಗಳಲ್ಲಿ ಒಂದನ್ನು ಆಯ್ದು 'ಬಹುಶಃ' ಎಂದು ಸೇರಿಸಬೇಡಿ, ಏಕೆಂದರೆ ನಕಲು ಮಾಡುವವರು ಆ ಒಂದು ಪದವನ್ನೇ ಮೊದಲು ಬಿಟ್ಟುಬಿಡುತ್ತಾರೆ. ಫೋಟೊದಲ್ಲಿ ಕಣ್ಣಿಗೆ ಕಂಡದ್ದನ್ನು ಒಂದು ಸಾಲಿನಲ್ಲಿಯೂ ದಾಖಲೆಯಿಂದ ಊಹಿಸಿದ್ದನ್ನು ಇನ್ನೊಂದು ಸಾಲಿನಲ್ಲಿಯೂ ಬೇರೆ ಬೇರೆಯಾಗಿ ಇಟ್ಟರೆ, ಮುಂದೆ ಮೂರನೆಯ ಫೋಟೊವೋ ಒಂದು ಲಾಗ್‌ಬುಕ್ಕೋ ದೊರೆತಾಗ ಇನ್ನೊಬ್ಬರು ನಿಮ್ಮ ಕೆಲಸವನ್ನು ಮೊದಲಿನಿಂದ ಮಾಡದೆ ಅಲ್ಲಿಂದಲೇ ಮುಂದುವರಿಸಬಹುದು.